ಕಾಲುವೆ ಕೊನೆಗೆ ನೀರು ಯಾಕೆ ಮುಟ್ಟುವುದಿಲ್ಲ: ಒಂದು ಎಕ್ಸೆಲ್ ಹಾಳೆ, ನೂರು ಜೋಳದ ಕಾಳು

ಪ್ರಶ್ನೆ: ಸರ್, ನಮ್ಮದು ರಾಯಚೂರು ಜಿಲ್ಲೆ ಸಿರವಾರ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದೆ. ಪ್ರತಿ ವರ್ಷ ಅದೇ ಕಥೆ. ಗೇಜ್ (ಕಾಲುವೆಯ ನೀರಿನ ಮಟ್ಟದ ಅಳತೆ) ಇಳಿಯುತ್ತದೆ, ನಾವು ರಸ್ತೆ ತಡೆ ಮಾಡುತ್ತೇವೆ, ಅಧಿಕಾರಿಗಳು ಬರುತ್ತಾರೆ, ಒಂದು ವಾರ ನೀರು ಬರುತ್ತದೆ, ಮತ್ತೆ ನಿಲ್ಲುತ್ತದೆ. ನಾನು ಎಂಜಿನಿಯರಿಂಗ್ ಓದಿ ಊರಿಗೆ ಬಂದು ಒಕ್ಕಲುತನ ಮಾಡುತ್ತಿದ್ದೇನೆ. ಇತ್ತೀಚೆಗೆ 'ಸಿಸ್ಟಮ್ಸ್ ಥಿಂಕಿಂಗ್' (ಬಿಡಿ ಕಾರಣದ ಬದಲು ಇಡೀ ಏರ್ಪಾಟನ್ನು ನೋಡುವುದು), 'ಮಾಡೆಲಿಂಗ್' (ಅದನ್ನು ಅಂಕಿಯಲ್ಲಿಟ್ಟು ಲೆಕ್ಕ ಹಾಕುವುದು) ಎಂದು ಕೆಲವು ವಿಡಿಯೋ ನೋಡಿದೆ. ಬಾಣದ ಗುರುತಿನ ಚಿತ್ರಗಳು ಚೆನ್ನಾಗಿವೆ. ಅದರಿಂದ ನಮ್ಮ ಹೊಲಕ್ಕೆ ನೀರು ಬರುತ್ತದೆಯೇ, ಅಥವಾ ಸುಮ್ನೆ ದೊಡ್ಡ ಮಾತೇ? ಉಪಯೋಗ ಇದೆ ಎಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಚಿತ್ರ ಬರೆದರೆ ನೀರು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಣದ ಗುರುತು ಬರೆದು ತರಬೇತಿ ಶುಲ್ಕ ಎಣಿಸುವವರು ಈಗ ಜಾಸ್ತಿ ಆಗಿದ್ದಾರೆ. ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ಮಾತಿದೆ: 'ಪ್ರತಿ ವರ್ಷ ಅದೇ ಕಥೆ'. ಈ ವಿದ್ಯೆ ಶುರುವಾಗುವುದೇ ಅಲ್ಲಿಂದ. ಎಂಜಿನಿಯರು ಬದಲಾದರು, ಶಾಸಕರು ಬದಲಾದರು, ಸರ್ಕಾರ ಬದಲಾಯಿತು. ಒಂದು ವರ್ಷ ಡ್ಯಾಂ ತುಂಬಿ ಹರಿಯಿತು, ಇನ್ನೊಂದು ವರ್ಷ ಅರ್ಧಕ್ಕೆ ನಿಂತಿತು. ಆದರೂ ನಿಮ್ಮ ಕಡೆ ಗೇಜ್ ಇಳಿಯುವುದು ತಪ್ಪಲಿಲ್ಲ. ಆಳು ಬದಲಾದರೂ ಫಲ ಬದಲಾಗದಿದ್ದರೆ ಆಳನ್ನು ಬೈದು ಏನು ಬಂತು? ಏರ್ಪಾಟೇ ಹಾಗಿದೆ ಎಂದು ಹುಡುಕಲು ಹೊರಡಬೇಕು.

ಈ ಹುಡುಕಾಟಕ್ಕೆ ಒಂದು ಹಳೆಯ ಉದಾಹರಣೆ ಇದೆ. 1956ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರು ಮ್ಯಾನೇಜ್‌ಮೆಂಟ್ ಕಲಿಸುವ ವಿಭಾಗಕ್ಕೆ ಸೇರಿದರು. ಕೆಂಟಕಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯವರಿಗೆ ಆಗ ಒಂದು ತಲೆನೋವಿತ್ತು. ಕೆಲವು ಕಾಲ ಹಗಲು ರಾತ್ರಿ ಪಾಳಿ ನಡೆಸಿದರೂ ಕೆಲಸ ಮುಗಿಯದು. ಕೆಲವು ವರ್ಷ ಕಳೆದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕು. ಪೇಟೆಯ ಏರಿಳಿತವೇ ಇದಕ್ಕೆ ಕಾರಣ ಎಂದು ಎಲ್ಲರೂ ನಂಬಿದ್ದರು. ಫಾರೆಸ್ಟರ್ ಕಂಪ್ಯೂಟರ್ ಇಲ್ಲದೆ, ಪೆನ್ಸಿಲ್ ಮತ್ತು ನೋಟ್‌ಬುಕ್ ಹಿಡಿದು ವಾರದಿಂದ ವಾರಕ್ಕೆ ಲೆಕ್ಕ ಹಾಕಿದರು. ಹೊರಗಿನಿಂದ ಬರುವ ಬೇಡಿಕೆ ಒಂದೇ ಸಮ ಇದ್ದರೂ, ಆಳು ತೆಗೆದುಕೊಳ್ಳುವ ಮತ್ತು ದಾಸ್ತಾನು ಇಡುವ ಕಾರ್ಖಾನೆಯ ನಿಯಮಗಳೇ ಆ ಏರಿಳಿತವನ್ನು ಹುಟ್ಟಿಸುತ್ತವೆ ಎಂದು ತೋರಿಸಿದರು. 'ಸಿಸ್ಟಮ್ ಡೈನಾಮಿಕ್ಸ್' ಎಂಬ ವಿದ್ಯೆ ಬೆಳೆದದ್ದು ಅಲ್ಲಿಂದ. ನಿಮಗೂ ಬೇಕಾಗುವುದು ಅಷ್ಟೇ ಸಾಮಾನು.

ಈಗ ಕಾಲುವೆಗೆ ಬರೋಣ. ಮುನಿರಾಬಾದ್‌ನಿಂದ ಹೊರಟ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಹೊಲಗಳನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರು ಮುಟ್ಟಬೇಕು. ಇದನ್ನು ಯೋಚಿಸಿದ್ದು ಬರದ ನಾಡಿಗೆ. ಸ್ವಲ್ಪ ನೀರನ್ನು ತೆಳ್ಳಗೆ ಹರಡಿ ಹೆಚ್ಚು ಎಕರೆಗೆ ಕೊಡುವುದು ಮೂಲ ಲೆಕ್ಕ. ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆ, ಭತ್ತ ಮತ್ತು ಕಬ್ಬು ಎಲ್ಲೋ ಸ್ವಲ್ಪ. ಆದರೆ 1953ರಲ್ಲಿ ನೀರು ಹರಿಯಲು ಶುರುವಾದಾಗ ಕಾಲುವೆ ಕೊನೆತನಕ ತಯಾರಿರಲಿಲ್ಲ. ಮೇಲ್ಭಾಗ ಮೊದಲು ಮುಗಿಯಿತು. ನೀರು ಇದೆ, ಕೇಳುವವರಿಲ್ಲ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರು ಭತ್ತ ಹಾಕಿದರು, ಊರವರೂ ನೋಡಿ ಕಲಿತರು. ಕೊನೆ ಭಾಗಕ್ಕೆ ಕಾಲುವೆ ಮುಟ್ಟುವ ಹೊತ್ತಿಗೆ ಮೇಲ್ಭಾಗದಲ್ಲಿ ಭತ್ತ ಬೇರು ಬಿಟ್ಟಾಗಿತ್ತು. ಜೋಳಕ್ಕೆ ಹಂಗಾಮಿಗೆ 500 ಮಿಲಿಮೀಟರ್ ಆಸುಪಾಸು ನೀರು ಸಾಕು. ಭತ್ತಕ್ಕೆ 1200 ಮಿಲಿಮೀಟರಿಗೂ ಮೇಲೆ. ಉಳಿದದ್ದು ನಿಮಗೆ ಗೊತ್ತಿರುವ ಲೆಕ್ಕ.

ಇಲ್ಲಿಗೆ ನಿಲ್ಲಿಸಿದರೆ 'ಮೇಲಿನವರು ಕದಿಯುತ್ತಾರೆ, ಕೆಳಗಿನವರಿಗೆ ಇಲ್ಲ' ಎಂಬ ಹಳೆಯ ಜಗಳವೇ ಉಳಿಯುತ್ತದೆ. ಒಂದು ಹೆಜ್ಜೆ ಮುಂದೆ ಹೋಗಿ. ಎಕ್ಸೆಲ್ ತೆರೆಯಿರಿ.

ಕಾಲುವೆಯನ್ನು ಐದು ತುಂಡು ಮಾಡಿ. ಮೊದಲ ತುಂಡಿಗೆ 100 ಪಾಲು ನೀರು ಬಿಡಿ. ಪ್ರತಿ ತುಂಡಿನಲ್ಲಿ ಒಳಬಂದ ನೀರಿನ ನೂರಕ್ಕೆ 4 ಪಾಲು ಇಂಗಿ, ಆವಿಯಾಗಿ ಹೋಗಲಿ. ಪ್ರತಿ ತುಂಡಿನ ಹಕ್ಕು 17 ಪಾಲು ಎಂದಿಟ್ಟುಕೊಳ್ಳಿ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಅಳೆದದ್ದಲ್ಲ. ಎಲ್ಲರೂ 17ರಂತೆ ತೆಗೆದುಕೊಂಡರೆ ಐದನೆಯವರಿಗೂ 17 ಸಿಕ್ಕಿ ಕೊನೆಗೆ 3 ಉಳಿಯುತ್ತದೆ. ಅಂದರೆ ನೀರು ಸಾಲದೆ ಹೀಗಾಗಿದೆ ಎನ್ನುವಂತಿಲ್ಲ. ಈಗ ಮೊದಲ ಎರಡು ತುಂಡಿನವರು 17ರ ಬದಲು 27 ತೆಗೆದುಕೊಳ್ಳಲಿ. ಮೂರನೆಯವರಿಗೂ ನಾಲ್ಕನೆಯವರಿಗೂ ಇನ್ನೂ 17 ಪೂರ್ತಿ ಸಿಗುತ್ತದೆ. ಐದನೆಯವರಿಗೆ 3ಕ್ಕೂ ಕಡಿಮೆ. ನೋಡಿದಿರಾ? ಕಷ್ಟ ಎಲ್ಲರಿಗೂ ಹಂಚಿಹೋಗುವುದಿಲ್ಲ, ಕೊನೆಯವರ ತಲೆ ಮೇಲೆ ಪೂರ್ತಿ ಬೀಳುತ್ತದೆ. ನಡುವಿನವರು ಯಾವ ಹೋರಾಟಕ್ಕೂ ಬರುವುದಿಲ್ಲ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಅವರಿಗೆ ಬಿಸಿ ತಟ್ಟಿಲ್ಲ.

ಮುಂದಿನದು ಇನ್ನೂ ಮಜಾ ಇದೆ. ನೀವು ರಸ್ತೆ ತಡೆ ಮಾಡಿದಿರಿ, ಮೇಲಿನಿಂದ 100ರ ಬದಲು 110 ಬಿಟ್ಟರು. ಅದೇ ವರ್ಷ ಐದನೆಯವರಿಗೆ ಸುಮಾರು 11 ಪಾಲು ಸಿಗುತ್ತದೆ. ಹೋರಾಟ ಗೆದ್ದಿತು, ಪೇಪರಿನಲ್ಲಿ ಫೋಟೊ ಬಂತು. ಈಗ ಹಾಳೆಗೆ ಒಂದು ನಿಯಮ ಸೇರಿಸಿ: ಕಾಲುವೆ ತುಂಬಿ ಹರಿಯುವುದನ್ನು ಒಂದು ವರ್ಷ ಕಂಡ ಮೇಲ್ಭಾಗದವರು ಮುಂದಿನ ವರ್ಷ ಇನ್ನೊಂದಿಷ್ಟು ಜಮೀನು ಲೀಜ್ ಹಿಡಿದು ಭತ್ತ ಹಾಕುತ್ತಾರೆ. ಅವರ ಬಳಕೆ 27ರಿಂದ 32ಕ್ಕೆ ಹೋಗಲಿ. 110 ಬಿಟ್ಟರೂ ಐದನೆಯವರಿಗೆ ಬರುವುದು ಮತ್ತೆ 2 ಪಾಲು. ಮೊದಲು ಎಲ್ಲಿದ್ದಿರೋ ಅದಕ್ಕಿಂತ ಒಂದು ಕೂದಲು ಕೆಳಗೆ. ಡ್ಯಾಂನಿಂದ ಮಾತ್ರ 10 ಪಾಲು ಜಾಸ್ತಿ ಖಾಲಿಯಾಯಿತು, ಹಂಗಾಮಿನ ಕೊನೆಯಲ್ಲಿ ಬೇಕಾಗಿದ್ದ ನೀರು ಅದು.

ಇದೊಂದು ಸುತ್ತು. ನೀರು ಹೆಚ್ಚಿದರೆ ಭತ್ತ ಹೆಚ್ಚುತ್ತದೆ, ಭತ್ತ ಹೆಚ್ಚಿದರೆ ಕೊನೆಗೆ ನೀರು ಕಡಿಮೆ, ಕಡಿಮೆಯಾದರೆ ಹೋರಾಟ, ಹೋರಾಟ ನಡೆದರೆ ಮತ್ತೆ ನೀರು ಹೆಚ್ಚು. ಕಾಗದದ ಮೇಲೆ ಬಾಣ ಹಾಕಿದರೆ ಮೂರು ನಿಮಿಷದ ಕೆಲಸ. ಆದರೆ ಚಿತ್ರ ನೋಡಿ ತಲೆಯಾಡಿಸುವುದಕ್ಕೂ, 11 ಇದ್ದದ್ದು 2 ಆಗುವುದನ್ನು ಸ್ವಂತ ಹಾಳೆಯಲ್ಲಿ ಕಾಣುವುದಕ್ಕೂ ಬಹಳ ವ್ಯತ್ಯಾಸ ಇದೆ. ಅದಕ್ಕೇ ನಾನು ಬಾಣಕ್ಕಿಂತ ಅಂಕಿಯನ್ನು ಜಾಸ್ತಿ ನಂಬುತ್ತೇನೆ, ಅಂಕಿ ಒರಟಾಗಿದ್ದರೂ ಸರಿ.

ಇಲ್ಲೇ ನವಲಿ ಜಲಾಶಯದ ಮಾತೂ ಬರುತ್ತದೆ. ತುಂಗಭದ್ರಾ ಡ್ಯಾಂನ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿ ಈಗ 105.788 ಟಿಎಂಸಿ ಎಂಬ ಲೆಕ್ಕ ಇದೆ. ಅಂದರೆ 27 ಟಿಎಂಸಿ ಜಾಗ ಮಣ್ಣು ತಿಂದಿದೆ. ಆ ನಷ್ಟ ತುಂಬಿಕೊಳ್ಳಲು ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟಬೇಕು ಎಂಬ ಬೇಡಿಕೆ ಬಹಳ ವರ್ಷಗಳದ್ದು. ನಾನು ಅದರ ವಿರೋಧಿ ಅಲ್ಲ. ಮಳೆಗಾಲದಲ್ಲಿ ಸುಮ್ಮನೆ ಕೆಳಗೆ ಹೋಗುವ ನೀರನ್ನು ಹಿಡಿದಿಟ್ಟುಕೊಂಡರೆ ಒಳ್ಳೆಯದೇ. ಆದರೆ ಮೇಲಿನ ಹಾಳೆಯಲ್ಲಿ ಹಂಚಿಕೆಯ ನಿಯಮ ಮುಟ್ಟದೆ 100ನ್ನು 120 ಮಾಡಿ ನೋಡಿ. ಮೇಲ್ಭಾಗ ಹಿಗ್ಗಲು ಜಾಗ ಇರುವತನಕ ಆ ನೀರು ಅಲ್ಲೇ ಮುಗಿಯುತ್ತದೆ. 'ನವಲಿ ಆದರೆ ಸಿರವಾರಕ್ಕೆ ನೀರು' ಎಂದು ವೇದಿಕೆ ಮೇಲೆ ಹೇಳುವವರನ್ನು, ನಡುವೆ ಇರುವ ಆ ನಿಯಮ ಏನು ಮಾಡುತ್ತೀರಿ ಎಂದು ಕೇಳಬೇಕು.

ಎರಡನೆಯ ವಿಷಯ ತಡ. ಒಂದು ಬದಲಾವಣೆ ಮಾಡಿದ ಮೇಲೆ ಫಲ ಕಾಣಲು ಹಿಡಿಯುವ ಸಮಯ. ಸೆಕೆಂಡಿಗೆ ಮುಕ್ಕಾಲು ಮೀಟರ್ ವೇಗ ಎಂದು ಹಿಡಿದರೂ 227 ಕಿಲೋಮೀಟರ್ ದಾಟಲು ನೀರಿಗೆ ಮೂರೂವರೆ ದಿನ ಬೇಕು. ಅದೂ ಕಾಲುವೆ ಆಗಲೇ ತುಂಬಿದ್ದರೆ. ಖಾಲಿ ಬಿದ್ದಿದ್ದರೆ ಮೊದಲು ತಳ ತೋಯಬೇಕು, ಮಟ್ಟ ಏರಬೇಕು, ಇನ್ನೂ ತಡ. ಈಗ ನಿಮ್ಮ ಕಡೆ ಗೇಜ್ ಇಳಿದ ದಿನ ಲೆಕ್ಕ ಇಡಿ. ಎರಡು ದಿನ ಕಾದು ನೋಡುತ್ತೀರಿ. ಮೂರನೆಯ ದಿನ ಮನವಿ, ನಾಲ್ಕನೆಯ ದಿನ ಧರಣಿ. ಐದನೆಯ ದಿನ ಮೇಲೆ ಗೇಟ್ ಎತ್ತುತ್ತಾರೆ. ನೀರು ಮುಟ್ಟುವ ಹೊತ್ತಿಗೆ ಒಂಬತ್ತು ಹತ್ತು ದಿನ. ಅಷ್ಟರಲ್ಲಿ ಒಂದು ದೊಡ್ಡ ಮಳೆ ಬಂದಿರಬಹುದು, ಹೊಲಕ್ಕೆ ನೀರು ಬೇಡವೇ ಬೇಡ. ಬಂದ ನೀರು ಹಳ್ಳಕ್ಕೆ ಹೋಗುತ್ತದೆ. 'ಕೆಳಗೆ ನೀರು ಪೋಲಾಗುತ್ತಿದೆ' ಎಂದು ಮೇಲಿನವರು ಫೋಟೊ ಕಳಿಸುತ್ತಾರೆ, ಗೇಟ್ ಇಳಿಯುತ್ತದೆ. ಅದರ ಫಲ ಮತ್ತೆ ನಾಲ್ಕು ದಿನ ಬಿಟ್ಟು, ಸರಿಯಾಗಿ ಬಿಸಿಲು ಬಿದ್ದಾಗ ನಿಮಗೆ ಕಾಣುತ್ತದೆ. ಯಾರೂ ಮೋಸ ಮಾಡದಿದ್ದರೂ ಗೇಜ್ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ತಡ ಇರುವ ಕಡೆ ಗಾಬರಿಯಿಂದ ಗೇಟ್ ತಿರುಗಿಸಿದಷ್ಟೂ ಆಟ ಜಾಸ್ತಿ. 69ನೇ ಮೈಲಿ, 104ನೇ ಮೈಲಿಯ ಗೇಜ್ ಬಗ್ಗೆ ಪ್ರತಿ ಸಭೆಯಲ್ಲೂ ಗದ್ದಲ ಆಗುತ್ತದಲ್ಲ, ಅಲ್ಲಿ ಎಷ್ಟು ಅಡಿ ಇರಬೇಕು ಎಂದು ಕೇಳುವ ಜೊತೆಗೆ ಎಷ್ಟು ದಿನ ಅಲುಗಾಡದೆ ಇರಬೇಕು ಎಂದೂ ಕೇಳಿ. ಬೆಳೆಗೆ ಬೇಕಾಗಿರುವುದು ಎರಡನೆಯದು.

ಇನ್ನು ನಾನು ಮುಖ್ಯ ಎಂದುಕೊಂಡಿರುವ ಮಾತು. ಮೇಲ್ಭಾಗದವರು ಬೇಕಾದ್ದಕ್ಕಿಂತ ಜಾಸ್ತಿ ಯಾಕೆ ತೆಗೆದುಕೊಳ್ಳುತ್ತಾರೆ? ದುರಾಸೆ ಎಂದು ಹೇಳಿ ಮುಗಿಸುವುದು ಸುಲಭ. ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರು ಎರಡನೆಯ ಸಲ ಬಂದೇ ಬರುತ್ತಾರೆ ಎಂದು ಗೊತ್ತಿದ್ದರೆ ಯಾರೂ ಎಲೆಗೆ ಆರು ಹೋಳಿಗೆ ಹಾಕಿಸಿಕೊಳ್ಳುವುದಿಲ್ಲ. ಬರುತ್ತಾರೋ ಇಲ್ಲವೋ ಎಂಬ ಅನುಮಾನ ಬಂದರೆ ಮೊದಲ ಸಲವೇ ಹೇರಿಸಿಕೊಳ್ಳುತ್ತಾರೆ. ಕಾಲುವೆಯಲ್ಲೂ ಅದೇ. ಮುಂದಿನ ಪಾಳಿ ಯಾವಾಗ ಎಂದು ಖಾತ್ರಿ ಇಲ್ಲದವನು ಇವತ್ತೇ ಗದ್ದೆ ತುಂಬಿಸಿಕೊಂಡು ಬದು ಎತ್ತರಿಸುತ್ತಾನೆ. ಅವನು ತುಂಬಿಸಿಕೊಂಡಿದ್ದರಿಂದ ಕೆಳಗಿನವನ ಪಾಳಿ ತಪ್ಪುತ್ತದೆ. ಕೆಳಗಿನವನು ರಾತ್ರಿ ಹೋಗಿ ತೂಬಿನ ಗೇಟ್ ಮುರಿಯುತ್ತಾನೆ. ಆಗ ಮೇಲಿನವನ ಪಾಳಿಯೂ ತಪ್ಪುತ್ತದೆ. ಅನುಮಾನ ಇನ್ನೂ ಬಲಿಯುತ್ತದೆ.

ಹಾಗಾಗಿ ನನ್ನ ಹಾಳೆಯಲ್ಲಿ ನೀರಿನ ಜೊತೆಗೆ ಇನ್ನೊಂದು ದಾಸ್ತಾನು ಇಡುತ್ತೇನೆ: ನಂಬಿಕೆ. 0ಯಿಂದ 1ರ ತನಕ ಒಂದು ಅಂಕಿ. ನಂಬಿಕೆ 1 ಇದ್ದರೆ ಮೇಲಿನವರು 17 ತೆಗೆದುಕೊಳ್ಳುತ್ತಾರೆ, 0 ಇದ್ದರೆ 27. ಹೇಳಿದ ದಿನ ನೀರು ಬಂದಾಗ ನಂಬಿಕೆ ಸ್ವಲ್ಪ ಏರಲಿ, ಉದಾಹರಣೆಗೆ 0.05. ತಪ್ಪಿದಾಗ 0.2 ಇಳಿಯಲಿ. ಕಟ್ಟುವುದು ನಿಧಾನ, ಕೆಡವುವುದು ಬೇಗ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ ಅಲ್ವಾ. ಇಷ್ಟು ಮಾಡಿದರೆ ಹಾಳೆ ಒಂದು ವಿಷಯ ತೋರಿಸುತ್ತದೆ. ಐದು ಪಾಳಿಯಲ್ಲಿ ನಾಲ್ಕು ಸರಿಯಾಗಿ ಬಂದು ಒಂದು ತಪ್ಪಿದರೆ, ಏರಿದ್ದೂ 0.2, ಇಳಿದದ್ದೂ 0.2. ನಂಬಿಕೆ ಇದ್ದಲ್ಲೇ ಇರುತ್ತದೆ. ನೂರಕ್ಕೆ ಎಂಬತ್ತು ಕೆಲಸ ಮಾಡಿದ ಅಧಿಕಾರಿಗೆ 'ಇಷ್ಟು ಮಾಡಿದರೂ ರೈತರು ಬೈಯುತ್ತಾರೆ' ಎಂಬ ಬೇಜಾರು. ರೈತರಿಗೆ 'ಏನೂ ಬದಲಾಗಿಲ್ಲ' ಎಂಬ ಸಿಟ್ಟು. ಇಬ್ಬರ ಮಾತೂ ನಿಜ. ನನ್ನ 0.05 ಮತ್ತು 0.2 ಒಪ್ಪಿಗೆ ಆಗದಿದ್ದರೆ ಬೇರೆ ಹಾಕಿ ನೋಡಿ. ಯಾವ ಅಂಕಿ ಹಾಕಿದರೂ ಒಂದು ಗಡಿ ಸಿಗುತ್ತದೆ: ಅದಕ್ಕಿಂತ ಹೆಚ್ಚು ಪಾಳಿ ಸರಿಯಾಗಿ ನಡೆದರೆ ಮಾತ್ರ ಮೇಲಿನವರ ಕೈ ಸಡಿಲವಾಗುತ್ತದೆ. ಹಾಗಾಗಿ ಇಡೀ ಕಾಲುವೆಯಲ್ಲಿ ಅರೆಬರೆ ಪಾಳಿ ಮಾಡುವುದಕ್ಕಿಂತ ಒಂದೇ ವಿತರಣಾ ಕಾಲುವೆಯಲ್ಲಿ ತಪ್ಪದೆ ಮಾಡುವುದು ಮೇಲು ಎಂಬುದು ನನ್ನ ಪಕ್ಕಾ ಅಭಿಪ್ರಾಯ.

ಇದನ್ನು ಹೇಳುವಾಗ ಎಲಿನಾರ್ ಆಸ್ಟ್ರಂ ನೆನಪಾಗುತ್ತಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರೂ ಅವರ ಜೊತೆಗಾರರೂ ನೇಪಾಳದ ಬಹಳಷ್ಟು ಕಾಲುವೆಗಳನ್ನು ಹೋಲಿಸಿ ನೋಡಿದರು. ರೈತರೇ ಮಣ್ಣು, ಕಲ್ಲು, ಸೊಪ್ಪಿನಿಂದ ಕಟ್ಟಿಕೊಂಡ ಕಾಲುವೆಗಳಲ್ಲಿ ಕೊನೆಯವರಿಗೆ ನೀರು ಚೆನ್ನಾಗಿ ಮುಟ್ಟುತ್ತಿತ್ತು. ಸರ್ಕಾರ ಸಿಮೆಂಟ್ ಹಾಕಿ ಗಟ್ಟಿ ಮಾಡಿದ ಕಡೆ ಅಷ್ಟು ಚೆನ್ನಾಗಿ ಮುಟ್ಟುತ್ತಿರಲಿಲ್ಲ. ಕಾರಣ ಸರಳ. ಮಣ್ಣಿನ ಒಡ್ಡು ವರ್ಷ ವರ್ಷ ಕೊಚ್ಚಿಹೋಗುತ್ತದೆ. ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ಆಳು ಬೇಕು. ಆಳು ಬೇಕೆಂದರೆ ನೀರು ಬಿಡಬೇಕು. ಒಡ್ಡು ಸಿಮೆಂಟಿನದಾದ ದಿನ ಆ ಹಂಗು ಹರಿಯಿತು. ನಮ್ಮ ಎಡದಂಡೆಯಲ್ಲಿ ಮೇಲಿನವರಿಗೆ ಕೆಳಗಿನವರಿಂದ ಏನು ಬೇಕು? ನನಗೆ ತೋಚಿದ ಮಟ್ಟಿಗೆ ಏನೂ ಇಲ್ಲ. ಕಾಲುವೆಗೆ ಸಿಮೆಂಟ್ ಲೈನಿಂಗ್ ಹಾಕಿಸುವುದರಿಂದ ಸೋರುವುದು ಕಡಿಮೆ ಆಗುತ್ತದೆ, ನಿಜ. ಆದರೆ ಈ ಕೊರತೆ ಅದರಿಂದ ತುಂಬುವುದಿಲ್ಲ.

ಹಾಗೆಂದು ಮೇಲ್ಭಾಗದವರು ಸುಖವಾಗಿದ್ದಾರೆಯೇ? ಬೇಸಿಗೆಯಲ್ಲಿ ಗಂಗಾವತಿ, ಸಿಂಧನೂರು ಕಡೆ ಹೋಗಿ ಹೊಲದಲ್ಲಿ ನಡೆದು ನೋಡಿ. ಕೆಲವು ಕಡೆ ಎರೆಮಣ್ಣಿನ ಮೇಲೆ ಬಿಳಿ ಪುಡಿ ಹರಡಿರುತ್ತದೆ, ಕಾಲಿಟ್ಟರೆ ಚೂರು ಚೂರು ಅನ್ನುತ್ತದೆ. ಅದು ಉಪ್ಪು. ವರ್ಷಗಟ್ಟಲೆ ನಿಂತ ನೀರು ಕೆಳಗೆ ಇಂಗಿ ನೆಲದೊಳಗಿನ ನೀರಿನ ಮಟ್ಟವನ್ನು ಮೇಲಕ್ಕೆ ತಂದಿದೆ. ಎರೆಮಣ್ಣು ಆ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ, ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಹೀಗೆ ಸವಳು-ಜವಳು ಆಗಿದೆ ಎಂಬ ಅಂದಾಜಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಗಂಗಾವತಿಯ ಸಂಶೋಧನಾ ಕೇಂದ್ರದವರು ಇದರ ಮೇಲೇ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ.

ಈಗ ಇಲ್ಲಿ ಸಿಕ್ಕಿಕೊಂಡ ಗಂಟು ನೋಡಿ. ಸವಳಾದ ಹೊಲದಲ್ಲಿ ಜೋಳ, ಹತ್ತಿ ಹಾಕಿದರೆ ಬೇರಿಗೆ ಉಸಿರು ಕಟ್ಟುತ್ತದೆ, ಮೊಳಕೆಯೇ ಸರಿಯಾಗಿ ಬರುವುದಿಲ್ಲ. ಅಲ್ಲಿ ನಿಲ್ಲುವ ಬೆಳೆ ಒಂದೇ, ಭತ್ತ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಮೇಲಿನ ಉಪ್ಪು ಸ್ವಲ್ಪ ಕೆಳಗಿಳಿಯುತ್ತದೆ, ಭತ್ತ ಬದುಕಿಕೊಳ್ಳುತ್ತದೆ. ಆದರೆ ಆ ನೀರೇ ನೆಲದೊಳಗಿನ ಮಟ್ಟವನ್ನು ಇನ್ನೂ ಏರಿಸುತ್ತದೆ. ಭತ್ತ ಹಾಕಿದ್ದರಿಂದ ಸವಳು, ಸವಳಾದ್ದರಿಂದ ಭತ್ತ. ಸಾಲ ಕೊಡುವ ದಲಾಲಿ ಅಂಗಡಿಯವರು, ರೈಸ್ ಮಿಲ್‌ನವರು, ಲೀಜ್ ದರ ಎಲ್ಲ ಈ ಸುತ್ತಿಗೇ ಹೊಂದಿಕೊಂಡಿವೆ. ಅಂಥ ರೈತನ ಮುಂದೆ ಹೋಗಿ 'ನಿಯಮದ ಪ್ರಕಾರ ನೀನು ಕಡಿಮೆ ನೀರಿನ ಬೆಳೆ ಹಾಕಬೇಕು' ಎಂದು ನೋಟಿಸ್ ಕೊಟ್ಟರೆ ಅವನು ಏನು ಮಾಡಬೇಕು? ಪೊಲೀಸರನ್ನು ನಿಲ್ಲಿಸಿ ಪಂಪ್‌ಸೆಟ್ ಎತ್ತಿಸುವುದು ಹಂಗಾಮಿನ ನಡುವೆ ಒಂದು ವಾರದ ಪರಿಹಾರ. ಅವನ ಹೊಲದ ಅಡಿಯಲ್ಲಿ ತೂತಿನ ಪೈಪ್ ಹಾಕಿ ಬಸಿನೀರನ್ನು ಹಳ್ಳಕ್ಕೆ ಬಿಡುವ ವ್ಯವಸ್ಥೆ ಮಾಡಿದರೆ, ಕೆಲವು ವರ್ಷದಲ್ಲಿ ಅವನಿಗೆ ಬೇರೆ ಬೆಳೆ ಹಾಕುವ ದಾರಿ ತೆರೆಯುತ್ತದೆ. ಆ ದಾರಿ ತೆರೆಯುವ ತನಕ ನಿಮ್ಮ ನೀರು ಅವನ ಗದ್ದೆಯಲ್ಲೇ ನಿಂತಿರುತ್ತದೆ. ಸಿರವಾರದ ರೈತರು ಗಂಗಾವತಿಯ ಬಸಿಗಾಲುವೆಗೆ ದುಡ್ಡು ಕೊಡಿ ಎಂದು ಮನವಿ ಕೊಟ್ಟರೆ ಊರಲ್ಲಿ ನಗುತ್ತಾರೆ, ಗೊತ್ತು. ನಾನಾದರೆ ಆ ಮನವಿಗೇ ಮೊದಲು ಸಹಿ ಹಾಕುತ್ತಿದ್ದೆ.

ಒಂದು ಎಚ್ಚರಿಕೆ. ಮೇಲ್ಭಾಗದಲ್ಲಿ ಪೋಲಾದ ನೀರೆಲ್ಲ ಪೋಲಾಗಿಲ್ಲ. ಬಸಿದು ಹಳ್ಳ ಸೇರಿದ ನೀರನ್ನು ಮುಂದೆ ಯಾರೋ ಮೋಟರ್ ಇಟ್ಟು ಎತ್ತುತ್ತಿದ್ದಾರೆ. ಉಳಿತಾಯ ಮಾಡಿದರೆ ಅವರ ಹಳ್ಳ ಬತ್ತುತ್ತದೆ. ಅವರನ್ನು ಹಾಳೆಯಿಂದ ಹೊರಗಿಟ್ಟರೆ ನಾಳೆ ಧರಣಿ ಕೂರುವವರು ಅವರು. ಎಲ್ಲಿಗೆ ಗೆರೆ ಎಳೆಯಬೇಕು ಎಂಬುದು ಮಾಡೆಲ್ ಮಾಡುವವರ ಮೊದಲ ಕಷ್ಟ. ನಿಮ್ಮ ಹಾಳೆಯಲ್ಲಿ ಡ್ಯಾಂನ ಒಳಹರಿವನ್ನು ಹೊರಗಿನಿಂದ ಬರುವ ಅಂಕಿ ಎಂದು ಬಿಡಿ, ಅದು ಮಲೆನಾಡಿನ ಮಳೆ, ನಿಮ್ಮ ಕೈಯಲ್ಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಮೇಲಿನ ಗೇಟ್) ಕೊಚ್ಚಿಹೋಗಿ, ಆ ವರ್ಷದ ಬೆಳೆ ಹೋಯಿತು ಎಂದು ಎಲ್ಲರೂ ಕೈಚೆಲ್ಲಿದ್ದರು. ತಾತ್ಕಾಲಿಕ ಗೇಟ್ ಕೂತ ಮೇಲೆ ಮಳೆ ಬಂದು ಡ್ಯಾಂ ಮತ್ತೆ ತುಂಬಿತು. ಅಂಥದ್ದನ್ನು ನಿಮ್ಮ ಐದು ತುಂಡಿನ ಹಾಳೆ ಹೇಳಲಾರದು, ಹೇಳಬೇಕಾಗಿಯೂ ಇಲ್ಲ. ಹಂಚಿಕೆ ಮಾತ್ರ ಒಳಗಿರಲಿ.

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್‌ನಿಂದ ಬೇಡ. ವೆನ್‌ಸಿಮ್‌ನ ಕಲಿಕೆ ಆವೃತ್ತಿ, ನೆಟ್‌ಲೋಗೊ, ಇನ್‌ಸೈಟ್ ಮೇಕರ್ ಎಲ್ಲ ಉಚಿತವಾಗಿ ಸಿಗುತ್ತವೆ, ಆಮೇಲೆ ನೋಡಿಕೊಳ್ಳಬಹುದು. ಮೊದಲು ನಿಮ್ಮ ವಿತರಣಾ ಕಾಲುವೆಯ ಗೇಜ್ ಹಲಗೆಯನ್ನು ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಫೋನಿನಲ್ಲಿ ಫೋಟೊ ತೆಗೆಯಿರಿ. ಅಂಕಿಯನ್ನು ದಿನಾಂಕದ ಮುಂದೆ ಬರೆಯಿರಿ. ಹಾಳೆಯ ಪಕ್ಕದ ಕಂಬದಲ್ಲಿ (ಕಾಲಂ) ಡ್ಯಾಂನಿಂದ ಎಡದಂಡೆಗೆ ಅವತ್ತು ಬಿಟ್ಟ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ). ಅದು ಪೇಪರಿನಲ್ಲೇ ಬರುತ್ತದೆ. ಒಂದು ಲೆಕ್ಕ ನೆನಪಿರಲಿ: 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. 4,000 ಕ್ಯೂಸೆಕ್ ಬಿಟ್ಟರೆ ಹತ್ತಿರಹತ್ತಿರ ಮೂರು ದಿನಕ್ಕೆ ಒಂದು ಟಿಎಂಸಿ ಖಾಲಿ. ಈ ಎರಡು ಕಂಬವನ್ನು ಒಂದರ ಮೇಲೊಂದು ಗ್ರಾಫ್ ಹಾಕಿದರೆ ನಿಮ್ಮ ತಡ ಎಷ್ಟು ದಿನ ಎಂದು ಕಣ್ಣಿಗೇ ಕಾಣುತ್ತದೆ. ನಾನು ಹೇಳಿದ ಮೂರೂವರೆ ದಿನವನ್ನು ಆಗ ಕಸದ ಬುಟ್ಟಿಗೆ ಹಾಕಿ, ನಿಮ್ಮದನ್ನು ಇಟ್ಟುಕೊಳ್ಳಿ.

ಮೂರನೆಯದು, ಮೇಲೆ ಎಷ್ಟು ಭತ್ತ ಇದೆ ಎಂಬುದು. ಇದಕ್ಕೆ ಯಾರ ಹತ್ತಿರವೂ ಬೇಡಬೇಕಾಗಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, 10 ಮೀಟರ್ ತನಕ ಸ್ಪಷ್ಟ, ಐದು ದಿನಕ್ಕೊಮ್ಮೆ ಬರುತ್ತವೆ. ನಾಟಿ ಸಮಯದಲ್ಲಿ ಮೋಡ ಕಾಡುತ್ತದೆ, ಆಗ ಸೆಂಟಿನೆಲ್-1 ನೋಡಿ. ಅದು ರಾಡಾರ್, ಮೋಡದ ಆಚೆಗೂ ಕಾಣುತ್ತದೆ. ನೀರು ನಿಂತ ಗದ್ದೆ ಕಪ್ಪಗೆ ಬೀಳುತ್ತದೆ. ಎಂಜಿನಿಯರಿಂಗ್ ಓದಿದ್ದೀರಿ, ಒಂದೆರಡು ವಾರದಲ್ಲಿ ಕೈ ಕುದುರುತ್ತದೆ. ಸಭೆಯಲ್ಲಿ 'ಮೇಲೆ ಅಕ್ರಮ ಇದೆ' ಎನ್ನುವುದಕ್ಕೂ ನಾಟಿ ಎಷ್ಟು ಬೇಗ ಎಲ್ಲಿಗೆ ಹರಡಿತು ಎಂದು ಚಿತ್ರ ಇಡುವುದಕ್ಕೂ ವ್ಯತ್ಯಾಸ ಇದೆ. ಆದರೆ ಸರ್ವೆ ನಂಬರ್ ಹಾಕಿ ಒಬ್ಬೊಬ್ಬರ ಹೊಲ ತೋರಿಸಬೇಡಿ. ಅಲ್ಲಿಗೆ ಮಾತು ಮುರಿಯುತ್ತದೆ.

ಆಮೇಲೆ ಜೋಳದ ಕಾಳು. ಐದು ಜನರನ್ನು ಕಟ್ಟೆ ಮೇಲೆ ಸಾಲಾಗಿ ಕೂರಿಸಿ. ಸಾಧ್ಯವಾದರೆ ಮೇಲ್ಭಾಗದ ಇಬ್ಬರು ರೈತರು, ಕಾಲುವೆ ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮನ್, ಒಬ್ಬ ಜೂನಿಯರ್ ಎಂಜಿನಿಯರು, ನೀವು. ಬಟ್ಟಲಲ್ಲಿ ನೂರು ಕಾಳು ಹಾಕಿ ಮೊದಲನೆಯವರ ಕೈಗೆ ಕೊಡಿ. ಒಬ್ಬೊಬ್ಬರೂ ಬೇಕಾದಷ್ಟು ತೆಗೆದು ಮುಂದೆ ಸಾಗಿಸಬೇಕು. ಮುಂದಿನ ಸುತ್ತಿಗೆ ಎಷ್ಟು ಕಾಳು ಬರುತ್ತದೆ ಎಂದು ಹೇಳಬೇಡಿ. ಒಮ್ಮೆ 100, ಒಮ್ಮೆ 60, ಒಮ್ಮೆ 80 ಹಾಕಿ. ಆರನೆಯ ಸುತ್ತಿನ ಹೊತ್ತಿಗೆ ಮೊದಲ ಜಾಗದಲ್ಲಿ ಕೂತವರು ಯಾರೇ ಆಗಲಿ ಹಿಡಿ ತುಂಬಾ ತೆಗೆಯುತ್ತಿರುತ್ತಾರೆ. ಆಗ ಜಾಗ ಅದಲು ಬದಲು ಮಾಡಿ. ಎಂಜಿನಿಯರನ್ನು ಕೊನೆಗೆ ಕೂರಿಸಿ, ನೀವು ಮೊದಲು ಕೂರಿ. ನೀವೂ ಹಿಡಿ ತುಂಬಾ ತೆಗೆಯುತ್ತೀರಿ. ಅದಾದ ಮೇಲೆ ನಿಯಮ ಬದಲಿಸಿ: ಮುಂದಿನ ಮೂರು ಸುತ್ತಿನ ಕಾಳು ಎಷ್ಟು ಎಂದು ಮೊದಲೇ ಹೇಳಿ ಆಡಿಸಿ. ಮೊದಲನೆಯವರ ಕೈ ಎಷ್ಟು ಸಡಿಲವಾಯಿತು ಎಂದು ಎಣಿಸಿ ಬರೆದುಕೊಳ್ಳಿ. ಎಕ್ಸೆಲ್‌ನ 'ನಂಬಿಕೆ' ಸಾಲಿಗೆ ಹಾಕಲು ನಿಮಗೆ ನನ್ನ ಊಹೆಗಿಂತ ಒಳ್ಳೆಯ ಅಂಕಿ ಅಲ್ಲಿ ಸಿಗುತ್ತದೆ.

ಮಾಡೆಲ್ ಏನು ಮಾಡುವುದಿಲ್ಲ ಎಂದೂ ಗೊತ್ತಿರಲಿ. ಯಾರು ಯಾರಿಗೆ ಫೋನ್ ಮಾಡಿ ಗೇಟ್ ಎತ್ತಿಸುತ್ತಾರೆ ಎಂಬುದು ಅದಕ್ಕೆ ಕಾಣುವುದಿಲ್ಲ. ಬಣ್ಣ ಬಣ್ಣದ ಸ್ಲೈಡ್ ಹಿಡಿದು ಬಂದವರು 'ಮಾಡೆಲ್ ಹೀಗೆ ಹೇಳುತ್ತದೆ' ಎಂದು ಬಾಯಿ ಮುಚ್ಚಿಸುವುದೂ ಉಂಟು. ಅವರಿಗೆ ಒಂದೇ ಪ್ರಶ್ನೆ ಕೇಳಿ: ಇದರೊಳಗೆ ನೀವು ಊಹೆ ಮಾಡಿದ ಅಂಕಿಗಳು ಯಾವುವು? ಒಂದು ಪುಟದಲ್ಲಿ ಬರೆದು ಕೊಡಲು ಆಗದಿದ್ದರೆ ಆ ಮಾಡೆಲ್ ನಂಬಬೇಡಿ. ನಿಮ್ಮ ಹಾಳೆಗೂ ಅದೇ ಪರೀಕ್ಷೆ.

ನೀರಾವರಿ ಸಲಹಾ ಸಮಿತಿ ಸಭೆಗೆ ಮನವಿ ಕೊಡುವಾಗ 'ಗೇಜ್ ಏರಿಸಿ' ಎಂಬ ಸಾಲಿನ ಜೊತೆ ಇನ್ನೆರಡು ಸಾಲು ಹಾಕಿಸಿ. ಒಂದು, ನಿಮ್ಮ ವಿತರಣಾ ಕಾಲುವೆಗೆ ಹಂಗಾಮಿನ ಪೂರ್ತಿ ಪಾಳಿಯ ದಿನಾಂಕ ಮೊದಲೇ ಪ್ರಕಟಿಸಬೇಕು, ತಪ್ಪಿದರೆ ಅವತ್ತೇ ಕಾರಣ ಹಾಕಬೇಕು. ಎರಡು, ಮೇಲಿನ ಸವಳು ಜಮೀನಿಗೆ ಬಸಿಗಾಲುವೆ. ಅಷ್ಟರಲ್ಲಿ ಎಕ್ಸೆಲ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಹಾಳೆ ಕಳಿಸಿ, ನೋಡಿ ಹೇಳುತ್ತೇನೆ. ಆದರೆ ಕಡಿಮೆ ಎಂದರೂ ಒಂದು ತಿಂಗಳ ಗೇಜ್ ಅಂಕಿ ಅದರಲ್ಲಿ ತುಂಬಿರಲಿ.